ಟೈರಿಲ್ಲದ ಕಾಮಣ್ಣ

ಎರಡು ಹೆಗಲಿಗೆ ಎರಡು ಟೈರು ಏರಿಸಿಕೊಂಡು, ಕೊರಳಿಗೆ ಸೈಕಲ್ ಟೈರುಗಳ ಹಾರ ಹಾಕಿಕೊಂಡು ಕಳಕೇಶ ಓಣಿಯ ತಿರುವಿಗೆ ಬರುವುದಕ್ಕೂ, ಕಸದ ಗಾಡಿ ಎದುರಾಗುವುದಕ್ಕೂ ಸರಿಹೋಯಿತು. ಗಾಡಿಯ ನೆತ್ತಿಯ ಮೈಕು ಕೂಗುತ್ತಿತ್ತು: "ಸಾರ್ವಜನಿಕರ ಗಮನಕ್ಕೆ. ಮನೆಗಳ ಮುಂದೆ, ಹಿತ್ತಲಿನಲ್ಲಿ ಕಸ, ಟೈರು, ಪ್ಲಾಸ್ಟಿಕ್ ಸುಡುವುದನ್ನು ನಿಷೇಧಿಸಲಾಗಿದೆ. ಕಾಮದಹನಕ್ಕೆ ಒಣಕಟ್ಟಿಗೆ, ಸಗಣಿಯ ಕುಳ್ಳು ಮಾತ್ರ ಬಳಸುವುದು. ತಂತಿಯ ಕೆಳಗೆ ಬೆಂಕಿ ಹಾಕಬಾರದು. ಪಕ್ಕದಲ್ಲಿ ನೀರು ತುಂಬಿದ ಡ್ರಮ್ ಇಟ್ಟುಕೊಳ್ಳತಕ್ಕದ್ದು. ತಪ್ಪಿದಲ್ಲಿ ದಂಡ."

ಕಳಕೇಶನಿಗೆ ಆದ ಧಕ್ಕೆ ಎಂಥದ್ದೆಂದರೆ ಕೊರಳಲ್ಲಿದ್ದ ಟೈರುಗಳೂ ಬೆವತು ಹೋದವು. ಬೆಟಗೇರಿಯಲ್ಲಿ ಅವನದೊಂದು ಪಂಕ್ಚರ್ ಅಂಗಡಿ. ವರ್ಷವಿಡೀ ಕೂಡಿಟ್ಟ ಹಳೆಯ ಟೈರುಗಳನ್ನೆಲ್ಲ ಹೋಳಿ ಹಬ್ಬಕ್ಕೆ ಓಣಿಯ ಕಾಮಣ್ಣನ ಹೊಟ್ಟೆಗೆ ಹಾಕುವುದು ಅವನ ಹಕ್ಕು, ಅವನ ಕೀರ್ತಿ. ಹೋದ ವರ್ಷ ಎದ್ದ ಹೊಗೆಗೆ ಕಪ್ಪತಗುಡ್ಡವೇ ಮರೆಯಾಗಿ, ಮೋಡ ಕವಿಯಿತೆಂದು ಮುಂಡರಗಿಯ ಮಂದಿ ಒಣಹಾಕಿದ ಮೆಣಸಿನಕಾಯಿ ಒಳಗೆ ತಂದಿದ್ದರು. ಓಣಿಯ ಎಮ್ಮೆಗಳು ವಾರಗಟ್ಟಲೆ ಕಪ್ಪು ಹಾಲು ಕೊಟ್ಟವು. ಇದೆಲ್ಲ ಕಳಕೇಶ ಹೇಳಿದ್ದಲ್ಲ; ಅವನು ಹೇಳಿದ್ದು ಇದಕ್ಕಿಂತ ಹೆಚ್ಚು. ಓಣಿಯ ತುದಿಮನೆಯ ಮುತ್ತವ್ವ ಯುಗಾದಿ ದಾಟುವವರೆಗೂ ಕೆಮ್ಮಿದ್ದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ.

ಗಾಡಿಯ ಹಿಂದೆ ಬೈಕಿನಲ್ಲಿ ಬರುತ್ತಿದ್ದ ನಗರಸಭೆಯ ದುರ್ಗೇಶ ಕಾಲೂರಿ ನಿಂತ.

"ಏನ್ ಕಳಕೇಶಪ್ಪ, ಹಾರ ಹಾಕ್ಕೊಂಡು ಮದುಮಗ ಆಗಿ ಹೊಂಟೀದಿ, ಎಲ್ಲಿ ಲಗ್ನ?"

"ಅಂಗಡಿಗೆ ಒಯ್ಯಾಕತ್ತೀನ್ರಿ ಸಾಹೇಬ್ರ."

"ಅಂಗಡಿ ಹಿಂದ ಉಳೀತಲ್ಲೋ. ಹೊಳ್ಳಿ ನಡಿ. ನಾಳೆ ಬೆಂಕ್ಯಾಗ ಒಂದ ಟೈರ್ ಕಂಡ್ರೂ ದಂಡ ಬರೀತೀನಿ. ಸಂಜಿಗೆ ಡ್ರಮ್ ನೋಡಾಕ ನಾನ ಬರಾಂವ."

"ಬರೇ ಕಟ್ಟಿಗಿ ಸುಟ್ರ ಅದ್ಯಾವ ಕಾಮಣ್ಣರಿ? ಚಾ ಕಾಸೋ ಒಲಿ ಆಕ್ಕೈತಿ!"

"ಹಂಗಾರ ಚಾ ಕಾಸು. ನನಗೂ ಒಂದು ಕಪ್ ಇಡು."

ಸುತ್ತ ನಿಂತವರು ನಕ್ಕರು. ಅದೇ ಹೊತ್ತಿಗೆ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ ನೀಲಾ.

"ಏನ್ರಿ, ಇಲ್ಲಿ ಕೇಳ್ರಿ. ನಮ್ಮಣ್ಣ ಲಕ್ಷ್ಮೇಶ್ವರದಿಂದ ಗಾಡಿ ಕಳಿಸ್ಯಾನ. ಓಣ್ಯಾಗ ನೋಡಿದ್ರ ಎಲ್ಲಾರೂ ಕಟ್ಟಿಗಿ ಕದಿಯಾವ್ರ ಅದಾರ, ಅದಕ್ಕ ನಾನು..."

"ಏ ನೀಲಾ, ಇಲ್ಲಿ ಓಣಿ ಮರ್ಯಾದಿ ಹೊಂಟೈತಿ! ನಿಮ್ಮಣ್ಣನ ಗಾಡಿ ತೊಗೊಂಡು ನಾ ಏನ್ ಮಾಡ್ಲಿ? ಸಂಜಿಗೆ ಹೇಳು." ಫೋನು ಇಟ್ಟ.

ಸಂಜೆಗೆ ಅವನು ಮನೆಗೆ ಹೋಗಲೇ ಇಲ್ಲ. ಗಾಡಿಯಲ್ಲಿ ಏನು ಬರಬಹುದೆಂದು ತಿಳಿಯದಷ್ಟು ಪರಕೀಯನೇನೂ ಅಲ್ಲ ಅವನು. ನೀಲಾಳ ತಂದೆ ಹುಚ್ಚೀರಪ್ಪ ತೀರಿಕೊಂಡ ಮೇಲೆ ಅವನ ಕೈಮಗ್ಗ ತವರಿನಲ್ಲಿ ಸುಮ್ಮನೆ ನಿಂತಿತ್ತು. ಅಣ್ಣ ಮೌನೇಶ ವಿದ್ಯುತ್ ಮಗ್ಗ ಹಾಕಿಸಿದ್ದ. ಖಾನಾವಳಿಯೊಂದರಲ್ಲಿ ದಿನವಿಡೀ ರೊಟ್ಟಿ ಬಡಿದು, ಹೊಗೆ ಕುಡಿದು, ಕೈ ಸುಟ್ಟುಕೊಂಡು ಬರುತ್ತಿದ್ದ ನೀಲಾ ಆ ಮಗ್ಗದ ಮೇಲೆ ಜೀವ ಇಟ್ಟುಕೊಂಡಿದ್ದಳು. ಅದೊಂದು ಮನೆಗೆ ಬಂದರೆ ಖಾನಾವಳಿ ಬಿಟ್ಟು, ಅಪ್ಪ ಕಲಿಸಿದ ಸೀರೆ ನೇಯುತ್ತೇನೆ ಎನ್ನುತ್ತಿದ್ದಳು. "ತಾ, ಪಡಸಾಲಿ ಪೂರಾ ನಿಂದು" ಎಂದು ಅರಮನೆ ಬರೆದುಕೊಟ್ಟ ಧಾಟಿಯಲ್ಲಿ ಕಳಕೇಶನೇ ಹೇಳಿದ್ದ. ಆದರೆ ಆ ಸಂಜೆ ಅವನ ತಲೆಯೊಳಗೆ ಮಗ್ಗಕ್ಕೆ ಜಾಗವಿರಲಿಲ್ಲ. ಹಿಂದಿನ ಓಣಿಯವರ ಕಾಮಣ್ಣ ಮಾಳಿಗೆಯೆತ್ತರ ಎದ್ದಿತ್ತು. ಇವರದು ಕುಂತ ಕುರಿಯಷ್ಟೂ ಇರಲಿಲ್ಲ.

ಹೋಳಿಯಲ್ಲಿ ಕಟ್ಟಿಗೆ ಕದಿಯುವುದು ಕಳವಲ್ಲ. ಕಾಮಣ್ಣನ ಮೇಲೆ ಬಿದ್ದದ್ದನ್ನು ಯಾರೂ ಮರಳಿ ಕೇಳುವಂತಿಲ್ಲ, ಬಯ್ಯಬಹುದು ಅಷ್ಟೆ. ಈ ವಿದ್ಯೆಯಲ್ಲಿ ಕಳಕೇಶನನ್ನು ಮೀರಿಸುವವನು ಗದಗಿನಿಂದ ಶಿರಹಟ್ಟಿಯವರೆಗೂ ಹುಟ್ಟಿರಲಿಲ್ಲ. ಹೊರಸಿನ ಮೇಲೆ ಮಲಗಿದ್ದ ಪುಂಡಲೀಕಪ್ಪನನ್ನು ಗೊರಕೆ ಕಡಿಯದಂತೆ ಕೆಳಗಿಳಿಸಿ ಹೊರಸು ಒಯ್ದ ಗಂಡಸು ಅವನು. ಆದರೆ ಅವನದೂ ಒಂದು ಕಟ್ಟಳೆಯಿತ್ತು: ಮುತ್ತವ್ವನ ಹಿತ್ತಲಿಗೆ ಮಾತ್ರ ಕೈ ಹಚ್ಚಬಾರದು. ಗಂಡನಿಲ್ಲದ, ಒಬ್ಬಳೇ ಇರುವ ಮುದುಕಿ. ತಾಯಿ ಸತ್ತಾಗ ಇವನಿಗೆ ಕೈತುತ್ತು ಹಾಕಿದವಳು. ಆ ಕಟ್ಟಳೆ ಇಡೀ ಓಣಿಗೆ ಗೊತ್ತಿತ್ತು.

ಕತ್ತಲಿಳಿಯುವ ಹೊತ್ತಿಗೆ ಗೆಳೆಯ ವೀರುವನ್ನು ಕಟ್ಟಿಕೊಂಡು ಊರೆಲ್ಲ ಸುತ್ತಿದ. ಈ ಸಲ ಎಲ್ಲರೂ ಕಟ್ಟಿಗೆ ಒಳಗಿಟ್ಟುಕೊಂಡಿದ್ದರು. ಸಿಕ್ಕಿದ್ದು ಒಂದು ಮುರಿದ ಏಣಿ. ಬರಿಗೈಯಲ್ಲಿ ಬರುವಾಗ ಮುತ್ತವ್ವನ ಹಿತ್ತಲಿನ ಗೋಡೆಯ ಮೇಲಿಂದ ತಾಡಪಾಲಿನ ಅಂಚು ಕಂಡಿತು. ಕಳಕೇಶ ಗೋಡೆ ಹಾರಿ ತಾಡಪಾಲು ಎತ್ತಿದ. ಒಣಗಿ ಗಂಟೆಯಂತಾದ ಸಾಗವಾನಿ ತೊಲೆಗಳು, ಹಲಗೆಗಳು, ಒಂದು ಉರುಟು ದಿಂಡು.

"ಅಣ್ಣಾ, ಇದು ಆಯಿ ಮನಿಯೋ. ಕೈ ಹಚ್ಚಬ್ಯಾಡ ಅಂತ ನೀನ ಹೇಳಿದ್ದಿ," ವೀರು ಗೋಡೆಯಾಚೆಯಿಂದ ಪಿಸುಗುಟ್ಟಿದ.

"ಹೇಳಿದಾಂವ ನಾನ, ಬಿಡಿಸಾಂವನೂ ನಾನ. ವರ್ಷಾ ನಮ್ಮ ಟೈರಿನ ಹೊಗಿ ಕುಡೀತಿತ್ತು ಮುದಿಕಿ. ಈ ವರ್ಷ ಹೊಗಿ ಇಲ್ಲ, ಬರೇ ಕಟ್ಟಿಗಿ ಕೊಡ್ತೈತಿ. ಲಾಭ ಅಕಿಗೇ! ಹಿಡಿ ಜಲ್ದಿ. ಹಳೇ ಬಾಗಲಾ ಚೌಕಟ್ಟು ಇರಬೇಕು."

ಮುತ್ತವ್ವ ಮುಂದಿನ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಕಿವಿ ಮಂದ.

ಕಾಮಣ್ಣ ಎದ್ದು ನಿಂತ. ಹಿಂದಿನ ಓಣಿಯವರು ಬಂದು ನೋಡಿ ಬಾಯಿ ಕಟ್ಟಿಕೊಂಡು ಹೋದರು. ಡ್ರಮ್ ನೋಡಲು ದುರ್ಗೇಶನೂ ಬಂದ. ನಳ ಬರುವ ದಿನವಲ್ಲ. ಬೆಂಕಿಗೆಂದು ಒಂದು ಡ್ರಮ್ ನೀರು ಸುರಿಯುವ ಹುಚ್ಚ ಆ ಓಣಿಯಲ್ಲಿರಲಿಲ್ಲ. ಕಳಕೇಶ ಬರಿದಾದ ಡ್ರಮ್ಮಿಗೆ ಮುಚ್ಚಳ ಹಾಕಿ, ಮೇಲೊಂದು ರುಬ್ಬುಗುಂಡು ಹೇರಿದ್ದ.

"ತುಂಬೈತಿ ಹೌದಿಲ್ಲೋ?"

"ತುಂಬಿ ತುಳಕಾಕತ್ತೈತ್ರಿ. ಮುಚ್ಚಳ ತಗದ್ರ ಓಣಿ ತೇಲಿ ಹೊಕ್ಕೈತಿ!"

ದುರ್ಗೇಶ ನಕ್ಕು, ತಂತಿ ದೂರವಿರುವುದನ್ನು ನೋಡಿ, ತಲೆಯಾಡಿಸಿ ಹೋದ.

ಮೂಡಣ ಬೆಳ್ಳಗಾಗುವಾಗ ಕಳಕೇಶನೇ ಬೆಂಕಿ ಇಟ್ಟ. ತೊಗಲಿನ ಹಲಗೆಗಳು ಮೊಳಗಿದವು. ಸಾಗವಾನಿ ಹಿಡಿದುಕೊಂಡಿತು ನೋಡಿ, ಅಂಥ ಉರಿಯನ್ನು ಬೆಟಗೇರಿ ಕಂಡಿರಲಿಲ್ಲ. ಹೊಗೆಯಿಲ್ಲ, ವಾಸನೆಯಿಲ್ಲ, ಬರೇ ಬಂಗಾರ. ಗಂಡಸರೆಲ್ಲ ಪದ್ಧತಿಯಂತೆ ಬಾಯಿಗೆ ಕೈ ಬಡಿದುಕೊಂಡು "ಲಬೋ ಲಬೋ" ಎಂದು ಹೊಯ್ಕೊಂಡರು. ಕಾಮ ಸತ್ತನೆಂದು ಅಳುವ ಸುಳ್ಳು ಅಳು ಅದು. ಅತ್ತಷ್ಟೂ ನಗು ಹೆಚ್ಚು. ಕಳಕೇಶನ ಬೊಬ್ಬೆಗೆ ಮಲ್ಲಸಮುದ್ರದ ನಾಯಿಗಳು ಉತ್ತರ ಕೊಟ್ಟವು.

ಉರುಟು ದಿಂಡಿನ ತುದಿಗೆ ಬೆಂಕಿ ಮುಟ್ಟಿದಾಗ ಅಲ್ಲಿ ಹಸಿರು ಉರಿ ಎದ್ದಿತು.

"ನೋಡ್ರಲೇ ನೋಡ್ರಿ!" ಕಳಕೇಶ ಕುಣಿದ. "ಟೈರಿಲ್ಲದ ಕಾಮಣ್ಣ ಹಸರು ಉರ್ಯಾಕತ್ತಾನ! ಯಾ ಓಣ್ಯಾಗ ಐತಿ ಹಿಂಥಾದ್ದು?"

ಎಲ್ಲರೂ ಮುಂದೆ ಬಾಗಿದರು. ದಿಂಡಿನ ತುದಿಯಲ್ಲಿ ಹೂವಿನ ಆಕಾರದಲ್ಲಿ ಬಡಿದ ಹಿತ್ತಾಳೆ ಮೊಳೆಗಳು; ಅವುಗಳಿಂದಲೇ ಹಸಿರು ನಾಲಗೆಗಳು ಏಳುತ್ತಿದ್ದವು.

ಹೆಂಗಸರು ಮನೆಯ ಒಲೆಗೆ ಕಾಮಣ್ಣನ ಬೆಂಕಿ ಒಯ್ಯಲು ಕುಳ್ಳು ಹಿಡಿದು ಬರುವ ಹೊತ್ತು. ನೀಲಾಳೂ ಬಂದಳು. ಗುಂಪಿನ ಸಂದಿಯಿಂದ ಹಸಿರು ಉರಿ ಕಂಡಳು. ಎರಡು ಹೆಜ್ಜೆ ಮುಂದೆ ಬಂದಳು. ಕುಳ್ಳು ಕೈಯಿಂದ ಜಾರಿತು. ಬಾಯಿಗೆ ಕೈ ಒತ್ತಿಕೊಂಡಳು. ಬೆರಳುಗಳ ನಡುವಿನಿಂದ ಕೂಗೊಂದು ಹೊರಬಿತ್ತು.

ಓಣಿಗೆ ಓಣಿಯೇ ಖುಷಿಪಟ್ಟಿತು. ಹೆಂಗಸರು ಹೊಯ್ಕೊಳ್ಳುವುದು ಎಲ್ಲಿಯ ಮಾತು!

"ಏ, ವೈನಿನೂ ಹೊಯ್ಕೊಳ್ಳಾಕತ್ತಾಳಲೇ! ಬಡೀರಿ ಹಲಗಿ!" ವೀರು ಕೂಗಿದ.

ಹಲಗೆಗಳು ಇಮ್ಮಡಿಸಿದವು. ಕಳಕೇಶನ ಎದೆ ಉಬ್ಬಿತು. ಎಂಥ ಹೆಂಡತಿ! ಅವನು ಅವಳ ಪಕ್ಕಕ್ಕೇ ಬಂದು ನಿಂತು, ಅವಳ ದನಿಗೆ ದನಿ ಕೂಡಿಸಿ, ಅವಳಿಗಿಂತ ಜೋರಾಗಿ ಬಾಯಿ ಬಡಿದುಕೊಂಡ. "ಲಬೋ ಲಬೋ ಲಬೋ!" ಅವಳು ಅವನ ಕಡೆ ತಿರುಗಿದಳು. ಅವಳ ಕೆನ್ನೆ ತೊಯ್ದಿದ್ದನ್ನು ಅವನು ಹೊಗೆಯ ನೀರೆಂದುಕೊಂಡ. ಆ ಬೆಂಕಿಯಲ್ಲಿ ಹೊಗೆಯೇ ಇರಲಿಲ್ಲ.

ಗುಂಪನ್ನು ಎರಡೂ ಕೈಯಿಂದ ಸೀಳಿಕೊಂಡು ಮುತ್ತವ್ವ ಬಂದಳು. ತಲೆ ಮೇಲೆ ಸೆರಗಿಲ್ಲ.

"ನೀಲವ್ವಾ, ಹಿತ್ತಲದಾಗ ಬರೇ ತಾಡಪಾಲು ಐತಿ! ಎಲ್ಲಾ ಒಯ್ದಾರವ್ವಾ!" ಎಂದವಳು ಬೆಂಕಿ ನೋಡಿ ಅಲ್ಲೇ ನಿಂತಳು. ಆಮೇಲೆ ಕಳಕೇಶನನ್ನು ನೋಡಿದಳು. "ಏ ಬಾಡ್ಯಾ, ಯಾಕ ಬಾಯಿ ಬಡಕೊಳ್ತೀಯೋ? ನಿನ್ನ ಹೇಣ್ತಿ ಮಗ್ಗಲೋ ಅದು! ನನ್ನ ಹಿತ್ತಲಕ್ಕ ನೀ ಬರೂದಿಲ್ಲ ಅಂತ ನಂಬಿ ತಂದು ಇಟ್ಟಿದ್ದಳಲ್ಲೋ!"

ಕಳಕೇಶನ ಕೈ ಬಾಯಿಯ ಹತ್ತಿರವೇ ನಿಂತಿತು. ಒಂದು ಹಲಗೆ ಇನ್ನೂ ಬಡಿಯುತ್ತಿತ್ತು, ಅದೂ ನಿಂತಿತು.

"ಕಾಮಣ್ಣಗ ಹಾಕಿದ್ದು ಹೊಳ್ಳಿ ಕೇಳಬಾರ..." ವೀರು ಬಾಯಿಪಾಠ ಒಪ್ಪಿಸಲು ಹೋಗಿ, ತಾನೇ ನಾಲಗೆ ಕಚ್ಚಿಕೊಂಡ.

ಕಳಕೇಶ ಬೆಂಕಿಗೆ ಕೈ ಹಾಕಿ ದಿಂಡು ಎಳೆದ. ರೋಮ ಸುಟ್ಟು ಹಿಂದೆ ಬಿದ್ದ. "ನೀರಲೇ! ನೀರು ತರ್ರಲೇ!" ಎಂದು ಡ್ರಮ್ಮಿನತ್ತ ಓಡಿದ. ರುಬ್ಬುಗುಂಡು ಉರುಳಿಸಿ, ಮುಚ್ಚಳ ಕಿತ್ತು, ಎರಡೂ ಕೈಯಿಂದ ಡ್ರಮ್ಮನ್ನು ಬೆಂಕಿಯ ಮೇಲೆ ಬೋರಲು ಮಾಡಿದ. ಒಂದು ಜಿರಲೆ ಬಿತ್ತು. ನೀರಿಲ್ಲವೆಂದು ಇಡೀ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಿದ್ದವನು ಅವನೇ. ಆದರೂ ಬೋರಲಾದ ಡ್ರಮ್ಮನ್ನು ಅಲ್ಲಾಡಿಸುತ್ತಲೇ ಇದ್ದ.

ಯಾರೋ ಬಿಂದಿಗೆ ತಂದರು, ಇನ್ನೊಬ್ಬರು ತಂಬಿಗೆ. ಸಾಗವಾನಿ ಅಷ್ಟಕ್ಕೆಲ್ಲ ಕೇಳಲಿಲ್ಲ. ದಿಂಡು ನಡುವೆ ಮುರಿದು ಎರಡಾಗಿ ಕೂತಿತು.

"ನೀಲಾ," ಎಂದ ಕಳಕೇಶ. ಮಲ್ಲಸಮುದ್ರಕ್ಕೆ ಮುಟ್ಟುತ್ತಿದ್ದ ದನಿ ಅವನ ಹಲ್ಲನ್ನೂ ದಾಟಲಿಲ್ಲ.

ಅವಳು ಬಾಗಿ, ಬಿದ್ದ ಕುಳ್ಳನ್ನು ಎತ್ತಿಕೊಂಡಳು. ಕೋಲಿನಿಂದ ದಿಂಡಿನ ತುದಿಯ ಕೆಂಡವೊಂದನ್ನು ಎಳೆದು ಕುಳ್ಳಿನ ಮೇಲೆ ಇಟ್ಟುಕೊಂಡಳು. ಅದರಲ್ಲೊಂದು ಮೊಳೆ ಹಾಗೇ ನಟ್ಟುಕೊಂಡಿತ್ತು. ಜನ ದಾರಿ ಬಿಟ್ಟರು. ಗಾಳಿಗೆ ಆರದಂತೆ ಅಂಗೈ ಮರೆ ಮಾಡಿಕೊಂಡು, ನಿಧಾನ ಮನೆಯ ಕಡೆ ನಡೆದಳು.

ಬಣ್ಣ ಆಡುವ ಹೊತ್ತಾಯಿತು. ಓಣಿಯಲ್ಲಿ ಯಾರೂ ಬಣ್ಣ ಕಲಸಲಿಲ್ಲ. ಕಳಕೇಶ ತನ್ನ ಮನೆಯ ಹೊಸ್ತಿಲಾಚೆ ನಿಂತಿದ್ದ. ಮಗ್ಗಕ್ಕೆಂದು ಅವಳು ನಿನ್ನೆಯೇ ಪಡಸಾಲೆಯ ಸಾಮಾನೆಲ್ಲ ಸರಿಸಿ, ನೆಲ ಸಾರಿಸಿ, ರಂಗೋಲಿ ಹಾಕಿದ್ದಳು. ರಂಗೋಲಿಯ ನಡುವೆ ಅಪ್ಪ ಹುಚ್ಚೀರಪ್ಪನ ಮಗ್ಗದ ಲಾಳಿ, ನೂಲು ಸುತ್ತಿದ ಹಾಗೆಯೇ, ಒಂದು ತಟ್ಟೆಯಲ್ಲಿತ್ತು. ಅದನ್ನು ತುಳಿಯದೆ ಒಳಗೆ ಹೋಗುವ ದಾರಿ ಎಲ್ಲಿದೆ ಎಂದು ಅವನು ನೋಡುತ್ತ ನಿಂತ. ಒಳಗಿನಿಂದ ಊದುಗೊಳವಿಯ ಸದ್ದು ಬರುತ್ತಿತ್ತು. ಒಮ್ಮೆ ನಿಂತು, ಮತ್ತೆ ಬರುತ್ತಿತ್ತು.