ಗೋಲ್‌ಕೀಪರನ ಬೆರಳು

“ಬೆರಳ ನಾ ಮುರದೆ ಅಂತಾನೇನೋ ಸಂಜೀವ? ಹಲ್ಲು ಉದುರಸ್ತೀನಿ ಅಂತ ಹೇಳು ಅವಗ, ಇಂಗ್ಲೀಷಿನ್ಯಾಗ!”

ಕುವೈತಿನ ಅರ್ದಿಯಾದ ಫುಟ್‌ಬಾಲ್ ಕ್ಲಬ್ಬಿನ ಮಾಲೀಷ್ ಕೋಣೆಯಲ್ಲಿ ಮಾಲೀಷಿನವ ಬಸಲಿಂಗಯ್ಯ ಕೂಗಾಡುತ್ತಿದ್ದ. ಎದುರಿಗೆ ಕೂತಿದ್ದವನು ಗೋಲ್‌ಕೀಪರ್ ದಾರಿಯೋ. ಇಟಲಿಯ ಸಣ್ಣಪುಟ್ಟ ಊರುಗಳ ತಂಡಗಳಲ್ಲಿ ಹದಿನೆಂಟು ವರ್ಷ ಗೋಲು ಕಾಯ್ದು, ಹೋದ ವರ್ಷ, ೨೦೦೩ರಲ್ಲಿ, ಕುವೈತಿಗೆ ಬಂದವನು. ವಯಸ್ಸು ಮೂವತ್ತೆಂಟು. ಇನ್ನೊಂದು ವರ್ಷದ ಕರಾರಿಗೆ ಇವತ್ತೇ ಸಹಿ ಬೀಳಬೇಕಿತ್ತು. ಅವನ ಬಲಗೈಯ ಉಂಗುರದ ಬೆರಳು ಬದನೆಕಾಯಿಯಂತೆ ಊದಿ ಸೊಟ್ಟಗಾಗಿತ್ತು.

“ಕಾಕಾ, ಮೆಲ್ಲಗ ಮಾತಾಡು,” ಎಂದ ಸಂಜೀವ. ಮೈದಾನದ ಎಲೆಕ್ಟ್ರಿಷಿಯನ್ ಅವನು. ಬಸಲಿಂಗಯ್ಯನೇ ವೀಸಾ ಕೊಡುವ ಕಫೀಲನ ಕಾಲು ಹಿಡಿದು ಕರೆಸಿಕೊಂಡ ಅಣ್ಣನ ಮಗ. “ಎಕ್ಸ್‌ರೇ ತಗಸೂಣು ಅಂತ ಅಂವ ಅವತ್ತ ಅಂದಿದ್ದ. ನೀನ ಬ್ಯಾಡಂದಿ.”

ನಿಜವೇ. ಮೂರು ವಾರದ ಹಿಂದೆ ಚೆಂಡು ಬಡಿದಾಗ ಬಸಲಿಂಗಯ್ಯ ಮುಟ್ಟಿ ನೋಡಿ, ಬರೀ ಉಳುಕು ಎಂದಿದ್ದ. ಊರ ಗರಡಿಯಲ್ಲಿ ಎಷ್ಟೋ ಪೈಲವಾನರ ಬೆರಳು ಎಳೆದು ಕೂರಿಸಿದ್ದ ಕೈ ಅದು. ದಾರಿಯೋನ ಬಾಯಿಗೆ ಟವೆಲ್ ತುರುಕಿಸಿ ಎಳೆದೇಬಿಟ್ಟ. ಲಟಕ್ಕೆಂದಾಗ, “ಕುಂತ್ತು ನೋಡು,” ಎಂದು ನಕ್ಕಿದ್ದ.

ಕೂಗಾಟ ಕೇಳಿ ಮ್ಯಾನೇಜರ್ ಯೂಸುಫ್ ಕರಾರಿನ ಕಾಗದ ಹಿಡಿದುಕೊಂಡೇ ಒಳಗೆ ಬಂದ. ದಾರಿಯೋ ಬೆರಳು ತೋರಿಸಿ ಎಲ್ಲ ಹೇಳಿದ. ಒಪ್ಪಿಕೊಂಡರೆ ಬಸಲಿಂಗಯ್ಯನ ಹನ್ನೆರಡು ವರ್ಷದ ಇಕಾಮಾಕ್ಕೆ, ಇಲ್ಲಿರುವ ಪರವಾನಗಿಗೆ, ಇವತ್ತೇ ಎಳ್ಳುನೀರು.

“ಸುಳ್ಳು, ಮುದೀರ್. ಹಳೇ ಮುರಿತ. ಬರುವಾಗಲೇ ಇತ್ತು, ಮುಚ್ಚಿಟ್ಟ,” ಎಂದ ಹರುಕು ಅರಬ್ಬಿಯಲ್ಲಿ.

ಯೂಸುಫ್ ಸಂಜೀವನ ಕಡೆ ತಿರುಗಿದ. “ಇವನು ಬೆರಳು ಎಳೆದದ್ದು ನೀನು ನೋಡಿದೆಯಾ?”

ಅವತ್ತು ಟವೆಲ್ ಒತ್ತಿ ಹಿಡಿದಿದ್ದವನೇ ಸಂಜೀವ.

“ಹೇಳಪಾ, ಹೇಳು,” ಎಂದ ಬಸಲಿಂಗಯ್ಯ ಕನ್ನಡದಲ್ಲಿ, ಬೆಣ್ಣೆಯಂಥ ದನಿಯಲ್ಲಿ. “ನಾಳೆ ಇಬ್ಬರೂ ಕೂಡೇ ವಿಮಾನ ಹತ್ತೂಣು.”

ಸಂಜೀವ ನೆಲ ನೋಡುತ್ತ, ತಾನು ಏನೂ ನೋಡಿಲ್ಲ ಎಂದ.

ಯೂಸುಫ್ ಮೂಲೆಯಲ್ಲಿದ್ದ ಚೆಂಡನ್ನೆತ್ತಿ ದಾರಿಯೋನತ್ತ ಬೀಸಿ ಎಸೆದ. ಅಷ್ಟು ವರ್ಷದ ರೂಢಿ, ಕೈ ತಾನಾಗಿ ಮೇಲೆದ್ದಿತು. ಹಿಡಿದ. ಹಿಡಿದು, ಗಂಟಲು ಹರಿಯುವಂತೆ ಚೀರಿದ.

“ಖಲಾಸ್.” ಯೂಸುಫ್ ಕಾಗದ ಮಡಚಿ ಜೇಬಿಗಿಟ್ಟುಕೊಂಡ.

“ಮುದಿ ಎತ್ತಿಗೆ ನೊಗದ ಆಸೆ,” ಎಂದು ಬಸಲಿಂಗಯ್ಯ ನಕ್ಕ. ಸಂಜೀವ ನಗಲಿಲ್ಲ.

ದಾರಿಯೋ ಎಡಗೈಯೊಂದರಲ್ಲೇ ಶೂ ಲೇಸ್ ಕಟ್ಟಲು ನೋಡಿದ, ಆಗಲಿಲ್ಲ. ನೆರವಿಗೆ ಬಗ್ಗಿದ ಸಂಜೀವನ ಕೈಯನ್ನು ಕಾಲಿನಿಂದ ಸರಿಸಿದ. ಲೇಸು ನೆಲಕ್ಕೆ ಎಳೆಯುತ್ತಲೇ ಬಾಗಿಲು ದಾಟಿ, ಬಿಸಿಲಿನಲ್ಲಿ ಗೇಟಿನ ಕಡೆ ನಡೆದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.