ಜೆಸಿಬಿಗೆ ಹಾಕಿದ ಅಬ್ಬಲಿಗೆ ಮಾಲೆ

ಪುರಸಭೆ ಹೊಸ ಜೆಸಿಬಿ ತಂದ ದಿನ ಆರತಿ ಎತ್ತಲು ನನ್ನನ್ನೇ ಕರೆದರು. ಕರೆದವನು ನನ್ನ ತಮ್ಮ ಹುಲಿಯಾ. ನಮ್ಮ ಕೇರಿಯವರೆಲ್ಲ ವೋಟು ಹಾಕಿ ಅವನನ್ನು ಮೆಂಬರ್ ಮಾಡಿದ್ದೆವು.

"ಅಕ್ಕಾ, ಇದು ಗಟಾರ ತೋಡುಕೆ ತಂದದ್ದು. ಇನ್ನು ಮಳೆಗಾಲದಲ್ಲಿ ನಿಮ್ಮ ತರಕಾರಿ ಗದ್ದೆಯಲ್ಲಿ ನೀರು ನಿಲ್ಲೂದಿಲ್ಲ," ಅಂದ.

ಆ ಗದ್ದೆ ಪುರಸಭೆಯದ್ದು, ನಿಜ. ಆದರೆ ನಮ್ಮತ್ತೆಯ ಕಾಲದಿಂದ ಅಲ್ಲಿ ಹರಿವೆ, ಬಸಲೆ ಬೆಳೆದು ಬಾಳೆಗುಳಿ ಕ್ರಾಸಿಗೆ ಹೊತ್ತು ಮಾರಿದವರು ನಾವು. ಅದರ ಬದುವಿನಲ್ಲೇ ಅಬ್ಬಲಿಗೆ ಕೊಯ್ದು ಮಾಲೆ ಕಟ್ಟಿ ಜೆಸಿಬಿಗೆ ಹಾಕಿದೆ. ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟೆ. ಫೋಟೋದವನು ಹೇಳಿದಲ್ಲಿ ನಿಂತು ಆರತಿ ಎತ್ತಿ, ನಾಚಿಕೆಗೆಟ್ಟವಳು, ಹಲ್ಲೂ ಕಿರಿದೆ.

ಮರುದಿನ ಬೆಳಿಗ್ಗೆ ಅದೇ ಜೆಸಿಬಿ, ನನ್ನ ಮಾಲೆ ಹಾಕಿಕೊಂಡೇ, ನಮ್ಮ ಬಸಲೆ ಚಪ್ಪರ ಕೆಡವುತ್ತಿತ್ತು. ಗದ್ದೆಯಲ್ಲಿ ಅಂಗಡಿ ಸಾಲು ಕಟ್ಟುತ್ತಾರಂತೆ.

ಹುಲಿಯಾನ ಅಂಗಿ ಹಿಡಿದು ಜಗ್ಗಿದೆ. "ಇದಕ್ಕೆ ಯಾರು ಒಪ್ಪಿದ್ದೋ?"

ಅವನು ನನ್ನ ಮುಖ ನೋಡಲಿಲ್ಲ.

"ಗದ್ದೆ ಮಾಡುವವರ ಒಪ್ಪಿಗೆ ಉಂಟೋ ಅಂತ ನಿನ್ನೆ ಸಂಜೆ ಸಭೆಯಲ್ಲಿ ಕೇಳಿದ್ರು," ಅಂದ. "ನೀನು ನಗ್ತಾ ಆರತಿ ಎತ್ತಿದ ಫೋಟೋ ನಾನೇ ತೋರಿಸಿದೆ, ಅಕ್ಕಾ."