ಅಪ್ಪನ ವಾಚಿನ ಕುಂಟು

"ಇದು ನಿಮ್ಮಪ್ಪನ ವಾಚಲ್ಲ ಪುಟ್ಟಿ," ಎಂದು ಅಮ್ಮ ವಾಚನ್ನು ರಿಪೇರಿ ಮೇಜಿನ ಮೇಲೆ ಇಟ್ಟಳು.

ಪುಟ್ಟಿ ಎನ್ನಿಸಿಕೊಂಡವಳು ನಲವತ್ತೈದು ದಾಟಿದ ಹೆಂಗಸು. ಬೀದಿಯವರಿಗೆಲ್ಲ ಅವಳು ವಾಚಕ್ಕ. ಅಪ್ಪ ಹೋದ ಮೇಲೆ ಅವನ ಅಂಗಡಿ, ಅವನ ಸ್ಟೂಲು, ಅವನು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಲೆನ್ಸು ಎಲ್ಲವೂ ಅವಳ ಪಾಲಿಗೆ ಬಂದಿದ್ದವು. ಆ ಲೆನ್ಸು ಅಪ್ಪನ ಮುಖದಿಂದ ಇಳಿದದ್ದನ್ನು ಕಂಡವರೇ ಕಡಿಮೆ. ಅದಕ್ಕೇ ಬೀದಿ ಅವನನ್ನು ಒಕ್ಕಣ್ಣ ಎಂದು ಕರೆಯುತ್ತಿತ್ತು, ಅವನೂ ನಗುತ್ತಲೇ ಓಗೊಡುತ್ತಿದ್ದ.

"ಏನಾಗಿದೆ ನಿಂಗೆ? ನಾನೇ ಬಿಚ್ಚಿದ್ದು, ನಾನೇ ಜೋಡಿಸಿದ್ದು. ಮುರಿದಿದ್ದ ಸ್ಪ್ರಿಂಗ್ ಒಂದು ಬಿಟ್ರೆ ಒಳಗಿರೋದೆಲ್ಲ ಅಪ್ಪನ ಕಾಲದ್ದೇ."

"ಇರಬಹುದು ಪುಟ್ಟಿ. ಆದ್ರೆ ಇದು ಅಲ್ಲ."

ಅಮ್ಮನ ಕಿವಿಯ ಜೊತೆ ವಾದ ಮಾಡುವುದು ಕಷ್ಟ. ಹರೆಯದಲ್ಲಿ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಕರೆಗಳನ್ನೆಲ್ಲ ಜೋಡಿಸಿದವಳು. ಆಚೆಯವರು ಬಾಯಿ ತೆರೆಯುವ ಮೊದಲೇ, ಬರೀ ಉಸಿರಿನಿಂದ, ಯಾರೆಂದು ಹೇಳುತ್ತಿದ್ದಳಂತೆ. ಈಗ ಮಂಡಿ ಹೋಗಿದೆ, ಕಣ್ಣು ಮಂಜಾಗಿದೆ, ಕಿವಿ ಮಾತ್ರ ಪಕ್ಕದ ಮನೆಯ ಪಿಸುಮಾತಿಗೂ ನೆಟ್ಟಗಾಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಲಗುವ ಮುಂಚೆ ಅವನ ವಾಚಿಗೆ ಕೀ ಕೊಟ್ಟು, ದಿಂಬಿನ ಮೇಲೆ ಕಿವಿಯ ಪಕ್ಕ ಇಟ್ಟುಕೊಂಡು ನಿದ್ದೆ ಹೋಗುತ್ತಿದ್ದಳು. ಒಂದು ದಿನ ಕೀ ಕೊಡುವಾಗ ಒಳಗಡೆ ಪಟ್ ಎಂದು ಸ್ಪ್ರಿಂಗು ಮುರಿಯಿತು. ಮಗಳು ಅದನ್ನು ಅಂಗಡಿಗೆ ತಂದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸರಿಮಾಡಿದಳು. ಬೇರೆ ಗಿರಾಕಿಗಳ ವಾಚುಗಳನ್ನೆಲ್ಲ ಬದಿಗೆ ಸರಿಸಿ, ಚಕ್ರಗಳ ಒಂದೊಂದು ಹಲ್ಲನ್ನೂ ತೊಳೆದು, ಅಚ್ಚು ತಿರುಗುವ ಒಂದೊಂದು ಕಲ್ಲಿಗೂ ಸೂಜಿ ಮೊನೆಯಷ್ಟು ಎಣ್ಣೆ ಮುಟ್ಟಿಸಿ ಕೊಟ್ಟಿದ್ದಳು. ಅಂದಿನಿಂದ ಅಮ್ಮನಿಗೆ ನಿದ್ದೆ ಇಲ್ಲ. ಕಣ್ಣು ಗುಳಿಬಿದ್ದಿತ್ತು. ಮೊನ್ನೆ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಹಾಕಿ, ತಾನೇ ಕುಡಿದು, ತಾನೇ ನಕ್ಕಿದ್ದಳು. ಆ ನಗು ಮಗಳಿಗೆ ನಗು ತರಿಸಲಿಲ್ಲ. ಇದು ಹೀಗೇ ಮುಂದುವರಿದರೆ ಅಮ್ಮ ಹಾಸಿಗೆ ಹಿಡಿಯುತ್ತಾಳೆ ಎನ್ನುವುದು ಅವಳಿಗೆ ಗೊತ್ತಾಗಿತ್ತು.

ಆ ಭಾನುವಾರ ತಮ್ಮ ಅಂಗಡಿಗೆ ಬಂದ. ಅವನು ದೊಡ್ಡ ವಾಚ್ ಶೋರೂಮಿನಲ್ಲಿ ಕೆಲಸಕ್ಕಿದ್ದ. ಅಲ್ಲಿಯ ತಣ್ಣನೆ ಗಾಳಿಯನ್ನೂ ಸೆಂಟಿನ ಘಮವನ್ನೂ ಮೈಮೇಲೆ ಹೊತ್ತುಕೊಂಡೇ ತಿರುಗುತ್ತಿದ್ದ. ಅಕ್ಕನ ಅಂಗಡಿಗೆ ಅವನಿಟ್ಟ ಹೆಸರು 'ಮುದುಕರ ಆಸ್ಪತ್ರೆ'.

"ಅಮ್ಮಾ, ಆ ಹಳೇ ಡಬ್ಬಾನ ಬಿಡು. ನಿಂಗೆ ಅಂತಾನೇ ತಂದಿದೀನಿ, ನೋಡು," ಎಂದು ಅವನು ಒಂದು ಪೆಟ್ಟಿಗೆ ತೆರೆದ. "ದಿನಕ್ಕೆ ಒಂದು ಸೆಕೆಂಡೂ ಆಚೀಚೆ ಆಗಲ್ಲ."

"ಬ್ಯಾಟರಿದಾ?"

"ಬ್ಯಾಟರಿ ಇಲ್ಲ. ಅದೇ ಮಜಾ. ಅಕ್ಕಾ, ನೀನೇ ಹೇಳು, ನಿಂಗೆ ಗೊತ್ತಿರತ್ತೆ."

ವಾಚಕ್ಕನಿಗೆ ಗೊತ್ತಿತ್ತು, ಆದರೆ ಕೈಯಲ್ಲಿ ಹಿಡಿದಿರಲಿಲ್ಲ. ಅವಳು ಅದನ್ನು ತಿರುಗಿಸಿ, ಬೆನ್ನಿನ ಗಾಜಿನ ಮೂಲಕ ಲೆನ್ಸಿನಲ್ಲಿ ಒಳಗೆ ನೋಡಿದಳು. ಆಮೇಲೆ ಮುಂದಕ್ಕೆ ತಿರುಗಿಸಿ ಸೆಕೆಂಡಿನ ಮುಳ್ಳನ್ನು ನೋಡಿದಳು. ಬೇರೆ ವಾಚುಗಳಲ್ಲಿ ಅದು ಹೆಜ್ಜೆ ಹಾಕುತ್ತದೆ. ಇಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಜಾರುತ್ತಿತ್ತು. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ತಡವರಿಸಲಿಲ್ಲ.

ಈ ವಾಚಿನ ವಿಷಯವನ್ನು ಅಪ್ಪ ಯಾವುದೋ ಕ್ಯಾಟಲಾಗಿನಲ್ಲಿ ಓದಿದ್ದ. ಸ್ಪ್ರಿಂಗ್ ಇದೆ ಅಂತಾರೆ, ಟಿಕ್ ಇಲ್ಲ ಅಂತಾರೆ, ಯಾರಿಗೆ ಕಿವಿಮೇಲೆ ಹೂ ಇಡ್ತಾರೆ ಎಂದು ಮೊದಲು ಬೈದಿದ್ದ. ಆಮೇಲೆ ಒಂದು ವಾರ ಅದರದ್ದೇ ಧ್ಯಾನ. "ಒಂದು ಸಲ, ಒಂದೇ ಒಂದು ಸಲ ಒಳಗೆ ಇಣುಕಿ ನೋಡಬೇಕು ಕಣೇ," ಎಂದು ಕೊನೆಯ ವರ್ಷದಲ್ಲೂ ಹೇಳಿದ್ದ. ಈಗ ಅದು ಅವನದೇ ಮೇಜಿನ ಮೇಲೆ, ಅವನದೇ ಲೆನ್ಸಿನ ಕೆಳಗೆ ಇತ್ತು. ನೋಡಬೇಕಾದವನು ಇರಲಿಲ್ಲ.

"ಹೇಳೇ," ಎಂದಳು ಅಮ್ಮ.

"ನೋಡಮ್ಮ, ಅಪ್ಪನ ವಾಚಲ್ಲೂ ಸ್ಪ್ರಿಂಗು, ಇದರಲ್ಲೂ ಸ್ಪ್ರಿಂಗು. ಕೀ ಕೊಟ್ರೆ ಅದು ಬಿಚ್ಚಿಕೊಳ್ಳೋಕೆ ನೋಡತ್ತೆ. ತಡೆಯೋರು ಇಲ್ದಿದ್ರೆ ಒಂದೇ ಗಳಿಗೇಲಿ ಸರ್ರಂತ ಬಿಚ್ಚಿಹೋಗತ್ತೆ. ಅಪ್ಪನ ವಾಚಲ್ಲಿ ತಡೆಯೋಕೆ ಒಂದು ಕೊಕ್ಕೆ ಇದೆ. ಅದು ಚಕ್ರದ ಹಲ್ಲನ್ನ ಹಿಡಿಯತ್ತೆ, ಬಿಡತ್ತೆ, ಹಿಡಿಯತ್ತೆ, ಬಿಡತ್ತೆ. ಆ ಏಟೇ ನಿಂಗೆ ಟಿಕ್ ಟಿಕ್ ಅಂತ ಕೇಳಿಸೋದು. ಇದರಲ್ಲಿ ಕೊಕ್ಕೆ ಇಲ್ಲ. ಕೊನೇ ಚಕ್ರ ತಿರುಗ್ತಾ ತಿರುಗ್ತಾ ಚಿಟಿಕೆಯಷ್ಟು ಕರೆಂಟು ಹುಟ್ಟಿಸತ್ತೆ. ಅದರಿಂದ ಒಂದು ಕ್ವಾರ್ಟ್ಜ್ ಹರಳಿಗೆ ಜೀವ ಬರತ್ತೆ. ಹರಳು ಲೆಕ್ಕ ಇಟ್ಕೊಂಡಿರತ್ತೆ. ಚಕ್ರ ಜಾಸ್ತಿ ಓಡಿದ್ರೆ ಅಯಸ್ಕಾಂತ ಅದನ್ನ ಮೆಲ್ಲಗೆ ಹಿಡಿದು ನಿಧಾನ ಮಾಡತ್ತೆ. ಯಾರೂ ಯಾರನ್ನೂ ಮುಟ್ಟಲ್ಲ. ಅದಕ್ಕೇ ಸದ್ದಿಲ್ಲ."

"ಮುಟ್ಟದೇನೇ ಸಂಸಾರ ಮಾಡತ್ತಾ?" ಎಂದು ಅಮ್ಮ ಹುಬ್ಬೇರಿಸಿದಳು. ತಮ್ಮ ಪಕಪಕ ನಕ್ಕ.

ಅಮ್ಮ ಅದನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದಳು.

"ಚೆನ್ನಾಗಿದೆಯಪ್ಪ. ಆದ್ರೆ ಫೋನು ಎತ್ತಿ ಆ ಕಡೆಯೋರು ಮಾತೇ ಆಡದೆ ಇದ್ದ ಹಾಗಿದೆ," ಎಂದು ವಾಪಸು ಕೊಟ್ಟಳು. "ನಿಮ್ಮಕ್ಕನ ಮುಖ ನೋಡು, ಅವಳಿಗೆ ಆಸೆ ಆಗಿದೆ. ಅವಳ ಕೈಗೆ ಕಟ್ಟು."

ತಮ್ಮನ ಮುಖ ಸಣ್ಣಗಾಯಿತು. ಪಾಪ, ಪ್ರೀತಿಯಿಂದಲೇ ತಂದಿದ್ದ. ಅವನು ಅದನ್ನು ಅಕ್ಕನ ಬಲಗೈಗೆ ಕಟ್ಟಿ, "ಹಾಗಾದ್ರೆ ನಿಂಗೆ ಏನು ಬೇಕಮ್ಮ?" ಎಂದು ಕೇಳಿದ. ಅಷ್ಟು ದಿನ ಈ ಪ್ರಶ್ನೆಯನ್ನು ವಾಚಕ್ಕ ಕೇಳಿರಲಿಲ್ಲ.

ಅಮ್ಮ ಉಗುರಿನಿಂದ ಮೇಜನ್ನು ನಿಧಾನವಾಗಿ ಬಡಿದು ತೋರಿಸಿದಳು. ಒಂದು ಏಟು, ತಕ್ಷಣ ಇನ್ನೊಂದು. ಆಮೇಲೆ ಒಂದಿಷ್ಟು ಬಿಡುವು. ಮತ್ತೆ ಒಂದು, ತಕ್ಷಣ ಇನ್ನೊಂದು. ಚಪ್ಪಲಿಯೊಳಗೆ ಕಲ್ಲು ಸಿಕ್ಕವನು ನಡೆದ ಹಾಗೆ.

"ನಿಮ್ಮಪ್ಪನ ವಾಚು ಹೀಗೆ ನಡೀತಿತ್ತು. ಈಗ ಸಿಪಾಯಿ ಥರ ನಡೀತಿದೆ. ಇದ್ಯಾವನೋ ಪರವೂರಿನೋನು ಬಂದು ಪಕ್ಕದಲ್ಲಿ ಮಲಗಿದ ಹಾಗಾಗತ್ತೆ."

ವಾಚಕ್ಕನಿಗೆ ಈಗ ಹೊಳೆಯಿತು. ವಾಚು ರಿಪೇರಿಯವರಿಗೆ ಒಂದು ರೋಗವಿದೆ. ಸರಿಯಿಲ್ಲದ್ದು ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರುವುದಿಲ್ಲ. ಸ್ಪ್ರಿಂಗು ಹಾಕಿದ ಮೇಲೆ ಅವಳು ವಾಚನ್ನು ಪರೀಕ್ಷೆ ಮಾಡುವ ಯಂತ್ರದ ಮೇಲೆ ಇಟ್ಟಿದ್ದಳು. ವಾಚಿನ ಟಿಕ್ಕಿಗೊಂದು ಟಕ್ಕಿಗೊಂದು ಎಂದು ಅದರ ಪರದೆಯಲ್ಲಿ ಎರಡು ಗೆರೆ ಮೂಡುತ್ತವೆ. ನಡೆ ಸಮವಾಗಿದ್ದರೆ ಎರಡೂ ಸೇರಿ ಒಂದೇ ಗೆರೆ. ಅಪ್ಪನ ವಾಚಿನ ಗೆರೆಗಳು ದೂರ ದೂರ ನಿಂತಿದ್ದವು. ಊರಿನ ವಾಚನ್ನೆಲ್ಲ ನೆಟ್ಟಗೆ ನಡೆಸಿದವನ ಕೈಯ ವಾಚೇ ಕುಂಟು, ದೀಪದ ಬುಡದಲ್ಲೇ ಕತ್ತಲೆ ಎಂದು ಅವಳು ನಕ್ಕಿದ್ದಳು. ಅಪ್ಪನಿಗೆ ತನ್ನ ವಾಚು ನೋಡಿಕೊಳ್ಳಲು ಪುರುಸೊತ್ತು ಎಲ್ಲಿತ್ತು ಎಂದು ಮರುಗಿ, ಆ ಎರಡು ಗೆರೆಗಳನ್ನು ಒಂದು ಮಾಡಿದ್ದಳು. ಅದು ತಾನು ಅಪ್ಪನಿಗೆ ಮಾಡಿದ ಕೊನೆಯ ಸೇವೆ ಎಂದುಕೊಂಡಿದ್ದಳು.

"ಅದು ಕುಂಟಮ್ಮ. ವಾಚಿನ ದೋಷ. ಅಪ್ಪ ಸರಿಮಾಡಿಕೊಳ್ಳೋಕೆ ಆಗದೆ..."

"ಆಗದೆ ಅಲ್ಲ. ಮದುವೆ ಆದ ಹೊಸದ್ರಲ್ಲೇ ಸರಿಮಾಡ್ತೀನಿ ಅಂತ ಬಿಚ್ಚೋಕೆ ಕೂತಿದ್ರು. ನಾನೇ ಬೇಡ ಅಂದೆ. ಊರಲ್ಲಿ ಇರೋ ಸಾವಿರ ವಾಚಿನ ಮಧ್ಯೆ ಇಟ್ರೂ ನಿಮ್ಮದನ್ನ ಕಣ್ಣುಮುಚ್ಚಿ ಹಿಡೀತೀನಿ ಅಂದೆ."

"ನಂಗೆ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ? ಮಾಡಿಟ್ಟು, ಹೆಂಗಿದೆ ಅಂತ ಬೀಗ್ತಾ ನಿಂತಿದ್ದೆ. ಅಷ್ಟು ಖುಷಿಯಾಗಿ ನಿಂತಿದ್ದೋಳಿಗೆ ಏನು ಹೇಳಲಿ?"

ತಮ್ಮ ಶೋರೂಮಿಗೆ ಹೊರಟುಹೋದ. ವಾಚಕ್ಕ ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದು, ಅಪ್ಪನ ವಾಚಿನ ಬೆನ್ನು ಬಿಚ್ಚಿದಳು.

ಸರಿಯಾದದ್ದನ್ನು ಕೆಡಿಸುವುದು ಸುಲಭ ಎಂದುಕೊಳ್ಳುವವರು ಒಮ್ಮೆ ಪ್ರಯತ್ನಿಸಿ ನೋಡಲಿ. ಕೊಕ್ಕೆಯನ್ನು ಆಡಿಸುತ್ತ ಓಲಾಡುವ ಚಕ್ರವನ್ನು ಚಿಮಟದಲ್ಲಿ ಎತ್ತಬೇಕು. ಅದರ ಅಚ್ಚಿಗೆ ಕೂದಲೆಳೆಯಂಥ ಸುರುಳಿಯನ್ನು ಹಿಡಿದಿಟ್ಟ ಸಣ್ಣ ಬಳೆಯೊಂದಿದೆ. ಅದನ್ನು ಕಂಡೂ ಕಾಣದಷ್ಟು ತಿರುಗಿಸಬೇಕು. ಮತ್ತೆ ಕೂರಿಸಬೇಕು. ಇಷ್ಟಾದ ಮೇಲೆ ಬರುವುದು ಒಂದು ಕುಂಟು, ಅಪ್ಪನ ಕುಂಟೇ ಎಂದೇನಿಲ್ಲ. ಯಂತ್ರದ ಮೇಲೆ ಆ ಗೆರೆಗಳು ಎಷ್ಟು ದೂರ ನಿಂತಿದ್ದವೆಂದು ಅವಳು ಬರೆದಿಟ್ಟಿರಲಿಲ್ಲ. ತೆಗೆದು ಎಸೆಯುವುದನ್ನು ಯಾರು ಅಳೆದಿಡುತ್ತಾರೆ? ಅದರ ಅಳತೆ ಇದ್ದದ್ದು ಅಮ್ಮನ ಕಿವಿಯಲ್ಲಿ ಮಾತ್ರ.

ಅವಳು ಜೋಡಿಸಿ ಕೊಟ್ಟಳು. ಅಮ್ಮ ಕಿವಿಗೆ ಹಿಡಿದು, "ಇದು ಕುಡಿದು ಬಂದವನ ನಡೆ," ಎಂದಳು.

ಮತ್ತೆ ಬಿಚ್ಚಿದಳು, ತಿರುಗಿಸಿದಳು, ಕೊಟ್ಟಳು.

"ಈಗ ಮತ್ತೆ ಸಿಪಾಯಿ ಆದ."

ಕೈ ಪ್ರತಿ ಸಲವೂ ಹಠ ಹಿಡಿಯಿತು. ಜೀವಮಾನವೆಲ್ಲ ಸಮಕ್ಕೆ ತರಲು ಕಲಿತ ಬೆರಳು, ಮನಸ್ಸು ಆಚೆ ಎಂದರೆ ಈಚೆಗೇ ಜಾರುತ್ತಿತ್ತು. ಅಮ್ಮನ ಕಿವಿಗೇ ವಯಸ್ಸಾಗಿದೆ ಎಂದುಬಿಡೋಣ ಎನ್ನಿಸಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತನ್ನನ್ನೇ ಬೈದುಕೊಂಡು ಮತ್ತೆ ಬಗ್ಗಿದಳು. ನಡುವೆ ಚಹಾ ಆಯಿತು, ಈ ಸಲ ಸಕ್ಕರೆಯದೇ. ಅಮ್ಮ ತಾಳ್ಮೆಗೆಡಲಿಲ್ಲ. ಒಮ್ಮೆ ಮಾತ್ರ, "ಹತ್ತಿರ ಬಂದ್ರು," ಎಂದಳು. ಹಾಗೆ ಹೇಳುವಾಗ ಬಾಗಿಲ ಕಡೆ ನೋಡಿದಳು. ಮಗಳು ಅದನ್ನು ಕಂಡು ಲೆನ್ಸು ಒದ್ದೆಯಾಗದ ಹಾಗೆ ಮುಖ ತಿರುಗಿಸಿಕೊಂಡಳು.

ಬಿಸಿಲು ಮೇಜಿನಿಂದ ಗೋಡೆಗೆ ಏರುವ ಹೊತ್ತಿಗೆ ಅಮ್ಮ ವಾಚನ್ನು ಕಿವಿಗೆ ಹಿಡಿದವಳು ಮತ್ತೆ ಕೆಳಗಿಡಲೇ ಇಲ್ಲ.

"ಇದೇ?"

ಅಮ್ಮ ತಲೆಯಾಡಿಸಿದಳು. ಎದ್ದು ಅಂಗಡಿಯ ಹಿಂದೆ ತಾನು ಮಲಗುವ ಕೋಣೆಗೆ ಹೋಗಿ, ವಾಚನ್ನು ದಿಂಬಿನ ಮೇಲಿಟ್ಟು ಮಗ್ಗುಲಾದಳು. ವಾಚಕ್ಕ ಬಾಗಿಲಲ್ಲಿ ನಿಂತು ಕಾದಳು. ಅಮ್ಮನ ಕಣ್ಣು ಮುಚ್ಚಿತ್ತು, ಆದರೆ ರೆಪ್ಪೆ ಅಲುಗುತ್ತಲೇ ಇತ್ತು.

"ಸರಿ ಇಲ್ವಾ ಅಮ್ಮ? ನಿಜ ಹೇಳು. ಅಡ್ಡಗೋಡೆ ಮೇಲೆ ದೀಪ ಇಡಬೇಡ."

"ನಿನ್ನ ಕೆಲಸ ಸರಿ ಇದೆ ಪುಟ್ಟಿ. ನಡೆ ಅದೇ. ದಿಂಬಿನ ಮೇಲೆ ಯಾವಾಗ್ಲೂ ಅರ್ಧಾನೇ ಕೇಳಿಸ್ತಿತ್ತು. ಅವರು ಹೋದಾಗಿಂದ ಅರ್ಧದಲ್ಲೇ ಮಲಗಿದ್ದೆ. ನಡುವೆ ಆ ಅರ್ಧಾನೂ ಹೋಯ್ತಲ್ಲ, ಅದಕ್ಕೆ ಉಳಿದರ್ಧ ಎಲ್ಲಿ ಅಂತ ಈಗ ಜೀವ ಹುಡುಕ್ತಿದೆ. ಬಿಡು, ಅಭ್ಯಾಸ ಆಗತ್ತೆ."

"ಇನ್ನರ್ಧ ಏನು?"

ಅಮ್ಮ ದಿಂಬಿನ ಕೆಳಗೆ, ಕುತ್ತಿಗೆಯ ಹತ್ತಿರ, ಕೈಯಾಡಿಸಿದಳು. ಒಂದು ತೋಳು ಹಿಡಿಸುವ ಆ ಜಾಗದಲ್ಲಿ ಏನೂ ಇರಲಿಲ್ಲ.

ವಾಚಕ್ಕ ಹೋಗಿ ಅಪ್ಪನ ವಾಚನ್ನು ತೆಗೆದುಕೊಂಡು ತನ್ನ ಎಡಗೈಗೆ ಕಟ್ಟಿಕೊಂಡಳು. ಬೆಲ್ಟಿನಲ್ಲಿ ಅಪ್ಪ ಸಿಕ್ಕಿಸುತ್ತಿದ್ದ ತೂತು ಜಗ್ಗಿ ಉದ್ದವಾಗಿತ್ತು. ಅವಳು ಅದರಲ್ಲೇ ಸಿಕ್ಕಿಸಿದಳು, ಅವಳಿಗೂ ಅದೇ ಸರಿಯಾಯಿತು. ದಿಂಬನ್ನು ಸರಿಸಿ, ಅಮ್ಮನ ಬೆನ್ನಿಗೆ ಮಲಗಿ, ಎಡತೋಳನ್ನು ಅಮ್ಮನ ತಲೆಯ ಕೆಳಗೆ ತೂರಿಸಿದಳು. ನಲವತ್ತೈದು ದಾಟಿದವಳಿಗೆ ನಾಚಿಕೆಯಾಯಿತು, ಆದರೆ ತೋಳು ತೆಗೆಯಲಿಲ್ಲ.

"ಸ್ವಲ್ಪ ಒಳಗೆ ತಗೋ," ಎಂದಳು ಅಮ್ಮ. "ಮಣಿಕಟ್ಟು ಮಡಚು. ಹಾಂ."

ಅಮ್ಮನ ತಲೆ ಭಾರವಾಯಿತು. ಎಷ್ಟೋ ದಿನ ಕಟ್ಟಿಟ್ಟಿದ್ದ ಉಸಿರೊಂದು ಆಚೆ ಬಂದಿತು. ವಾಚಕ್ಕ ಅಲುಗದೆ ಮಲಗಿದಳು. ಅಮ್ಮನ ಕೂದಲಿನಾಚೆಯಿಂದ ಅವಳಿಗೂ ಅದು ಕೇಳಿಸುತ್ತಿತ್ತು: ಒಂದು, ತಕ್ಷಣ ಇನ್ನೊಂದು, ಆಮೇಲೆ ಬಿಡುವು. ಬಲಗೈ ಎದುರಿಗೇ ಇತ್ತು. ಅದರ ಮೇಲೆ ತಮ್ಮನ ವಾಚಿನ ಮುಳ್ಳು ಸದ್ದಿಲ್ಲದೆ ಜಾರುತ್ತಿತ್ತು. ಅಪ್ಪಾ, ನೋಡು, ಎಂದು ಅವಳು ಮನಸ್ಸಿನಲ್ಲೇ ಅಂದಳು. ಆ ಕೈಯನ್ನು ಸ್ವಲ್ಪ ಎತ್ತಿ ಬೆಳಕಿಗೆ ಹಿಡಿದಳು, ಹಿಂದಿನಿಂದ ಬಗ್ಗಿ ನೋಡುವವನಿಗೆ ಕಾಣಲಿ ಎಂದು. ಕಣ್ಣೀರು ಆಗ ಬಂತು, ಅಪ್ಪ ಹೋದ ದಿನ ಬರದೆ ಉಳಿದದ್ದು.

ತೋಳು ಜೋಮು ಹಿಡಿಯತೊಡಗಿತು. ಅಮ್ಮ ನಿದ್ದೆ ಹೋಗಿದ್ದಾಳೆ ಎಂದುಕೊಂಡು ಅವಳು ಬೆರಳು ಮಾತ್ರ ಮೆಲ್ಲಗೆ ಅಲುಗಿಸಿದಳು.

"ಅವರಿಗೂ ಹೀಗೇ ಜೋಮು ಹಿಡೀತಿತ್ತು," ಎಂದಳು ಅಮ್ಮ, ಅರೆನಿದ್ದೆಯ ದನಿಯಲ್ಲಿ. "ಒಂದು ದಿನಾನೂ ಹೇಳಲಿಲ್ಲ."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಆದ್ರೂ ತಲೆ ತೆಗೀತಿರಲಿಲ್ಲ?"

ಅಮ್ಮನಿಗೆ ಆಗಲೇ ನಿದ್ದೆ ಹತ್ತಿತ್ತು. ವಾಚಕ್ಕ ತೋಳನ್ನು ಅಲ್ಲೇ ಬಿಟ್ಟಳು.